ಉಸಿರಿನ ಋಣ

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಕಷ್ಟಕಾಲದಲ್ಲಿಯೂ ಬದುಕಿಗೆ ಕೃತಜ್ಞರಾಗಿರುವುದು ಹೇಗೆಂಬುದನ್ನು ಕುರಿತು ನಾಲ್ಕು ಮಾತನಾಡಬೇಕೆಂದು ಸಂಘದ ಕಾರ್ಯದರ್ಶಿಗಳು ಕೇಳಿದಾಗ ನಾವು ಹಿಂಜರಿದೆವು. ಉಂಡವನು ಹಸಿದವನಿಗೆ ತೃಪ್ತಿಯ ಉಪದೇಶ ಮಾಡುವುದು ಸುಲಭ. ಕೇಳುವವನ ಪಾಡು ಬೇರೆ. ಆದುದರಿಂದ ಉಪದೇಶವನ್ನು ಬದಿಗಿಟ್ಟು, ಈ ಮುಂಬಯಿಯಲ್ಲಿ ನಮಗೊದಗಿದ ಒಂದು ಸಂಗತಿಯನ್ನೇ ತಮ್ಮ ಮುಂದಿಡುತ್ತೇವೆ.

2005ನೆಯ ಇಸವಿ ಜುಲೈ 26. ಅಂದಿನ ಮಳೆಯನ್ನು ಇಲ್ಲಿರುವ ಹಿರಿಯರಾರೂ ಮರೆತಿರಲಾರರು. ಮರುದಿನ ಬೆಳಗಿನವರೆಗಿನ 24 ಗಂಟೆಗಳಲ್ಲಿ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಬಿತ್ತು. ಇದೇ ಊರಿನ ಕೊಲಾಬಾದಲ್ಲಿ ಸುಮಾರು 73 ಮಾತ್ರ. ಸಾಲದ್ದಕ್ಕೆ ಮಧ್ಯಾಹ್ನ ಕಡಲು ಭರತದಲ್ಲಿತ್ತು. ಮೀಠಿ ನದಿಯನ್ನು ನಾವೆಲ್ಲ ಮೋರಿಯೆಂದೇ ಭಾವಿಸಿದ್ದೆವು. ತಾನು ನದಿಯೆಂಬುದನ್ನು ಅಂದು ಅದು ತೋರಿಸಿಕೊಟ್ಟಿತು.

ನಮ್ಮ ಕಚೇರಿ ಸಾಕಿನಾಕಾದಲ್ಲಿ, ಮನೆ ಸಾಯನ್‌ನಲ್ಲಿ. ಲೋಕಲ್ ಗಾಡಿಗಳು ನಿಂತುಹೋದವು, ಫೋನುಗಳು ಮೂಕವಾದವು. ಮೂರು ಗಂಟೆಗೆ ನಾವು ಮೂವರು ಕನ್ನಡಿಗರು ಕೈಕೈ ಹಿಡಿದು ಕುರ್ಲಾದ ಕಡೆಗೆ ಹೊರಟೆವು. ನೀರು ಮೊಳಕಾಲಿಗೆ ಬಂತು, ಸೊಂಟಕ್ಕೆ ಬಂತು, ಕತ್ತಲಾಗುವ ಹೊತ್ತಿಗೆ ಎದೆಗೆ ಬಂತು. ಕಾಲಡಿಯಲ್ಲಿ ಬಾಯಿ ತೆರೆದ ಗಟಾರ ಎಲ್ಲಿದೆಯೋ ತಿಳಿಯದು. ಒಂದು ತಿರುವಿನಲ್ಲಿ ಚಾಳಿನ ಹುಡುಗರು ಕಂಬದಿಂದ ಕಂಬಕ್ಕೆ ಹಗ್ಗ ಬಿಗಿದು, ತಾವು ಕೊರಳುದ್ದ ನೀರಿನಲ್ಲಿ ನಿಂತು, ಬಂದವರನ್ನು ಒಬ್ಬೊಬ್ಬರಾಗಿ ದಾಟಿಸುತ್ತಿದ್ದರು. ನಮ್ಮ ತೋಳು ಹಿಡಿದೆಳೆದವನ ಮುಖವನ್ನು ಕೂಡ ನಾವು ಸರಿಯಾಗಿ ಕಾಣಲಿಲ್ಲ.

ಆ ರಾತ್ರಿ ಒಂದು ಚಾಳಿನ ಮಾಳಿಗೆಯ ಕೋಣೆಯಲ್ಲಿ ಹದಿನೆಂಟು ಜನ ಕುಳಿತು ಬೆಳಗು ಮಾಡಿದೆವು. ಮನೆಯಾಕೆಯ ಅಕ್ಕಿಯ ಡಬ್ಬ ಕೆಳಗಿನ ಕೋಣೆಯಿಂದ ತೇಲಿಹೋಗಿತ್ತು. ಉಳಿದ ಸಕ್ಕರೆಯಲ್ಲಿ ಆಕೆ ಹಾಲಿಲ್ಲದ ಚಹಾ ಕಾಸಿದಳು. ಇದ್ದ ನಾಲ್ಕು ಲೋಟಗಳು ಕೈಯಿಂದ ಕೈಗೆ ಹೋದವು. ಆಕೆಯ ಮನೆಮಾತು ಯಾವುದೆಂದು ನಾವು ಕೇಳಲಿಲ್ಲ. ನಮ್ಮದು ಯಾವುದೆಂದು ಆಕೆಯೂ ಕೇಳಲಿಲ್ಲ. ರಾಜ್ಯೋತ್ಸವದ ವೇದಿಕೆಯಿಂದ ಇದನ್ನು ಹೇಳಲು ನಮಗೆ ಸಂಕೋಚವಿಲ್ಲ.

ಮರುದಿನ ಮನೆ ಸೇರಿದಾಗ ನಮ್ಮ ತಾಯಿಯವರು ಬಾಗಿಲಲ್ಲೇ ದೃಷ್ಟಿ ತೆಗೆದು, “ದೇವರು ಕಾಪಾಡಿದ” ಎಂದು ಗಟ್ಟಿಯಾಗಿ ಹೇಳಿದರು. ಎದುರು ಮನೆಯಾಕೆ ತನ್ನ ಬಾಗಿಲಲ್ಲಿ ನಿಂತಿದ್ದಳು. ಅವಳ ಮಗ ಇನ್ನೂ ಬಂದಿರಲಿಲ್ಲ. ಅವನು ಬರಲೇ ಇಲ್ಲ. ಆ ನೆರೆಯಲ್ಲಿ ಮಹಾರಾಷ್ಟ್ರದಾದ್ಯಂತ ಸಾವಿರಕ್ಕೂ ಮಿಕ್ಕಿ ಜನ ಸತ್ತರು. ನಮಗೆ ಆ ಲೆಕ್ಕವೆಲ್ಲ ಅವನೊಬ್ಬನೇ ಆದ. ದೇವರು ನಮ್ಮನ್ನು ಕಾಪಾಡಿದನೆಂದರೆ ಅವನನ್ನು ಏಕೆ ಕೈಬಿಟ್ಟ? ತಾಯಿಯವರು ಮತ್ತೆಂದೂ ಆ ಮಾತನ್ನು ಗಟ್ಟಿಯಾಗಿ ಆಡಲಿಲ್ಲ. ಬದುಕಿದ್ದೇವೆಂಬ ಸಂತೋಷವನ್ನು ಸತ್ತವನ ತಾಯಿಯ ಎದುರು ಹೇಗೆ ಆಡುವುದು? ಈ ಪ್ರಶ್ನೆಯನ್ನು ಬಿಟ್ಟು ಕೃತಜ್ಞತೆಯ ಮಾತನ್ನು ಎತ್ತುವವರಲ್ಲಿ ನಮಗೆ ನಂಬಿಕೆಯಿಲ್ಲ.

‘ಧನ್ಯವಾದ’ ಎಂಬುದು ನಮ್ಮ ಅಜ್ಜಿಯರ ಬಾಯಲ್ಲಿ ಇದ್ದ ಮಾತಲ್ಲ. ನೀರು ಕೊಟ್ಟವರಿಗೆ ಅವರು “ನಿನ್ನ ಹೊಟ್ಟೆ ತಣ್ಣಗಿರಲಿ” ಎನ್ನುತ್ತಿದ್ದರು. ತಮಗೆ ಒಳ್ಳೆಯದಾಯಿತೆಂಬುದಕ್ಕಿಂತ ಕೊಟ್ಟವರಿಗೆ ಒಳ್ಳೆಯದಾಗಲಿ ಎಂಬುದೇ ಅದರಲ್ಲಿ ಮುಂದು. ಅದಕ್ಕೂ ಮೀರಿದ್ದನ್ನು ಅವರು ಋಣವೆಂದರು. ಪುಣ್ಯವೆಂದರೆ ನಾವು ಗಳಿಸಿದ್ದು ಎಂದಾಗುತ್ತದೆ. ಋಣದಲ್ಲಿ ಆ ಹೆಮ್ಮೆಗೆ ಎಡೆಯಿಲ್ಲ. ಸಾಲಗಾರನು ಎದುರುಮನೆಯಾಕೆಯ ಮುಂದೆಯೂ ತಲೆತಗ್ಗಿಸಿ ನಿಲ್ಲಬಲ್ಲ.

ತಿಂಗಳು ಕಳೆದ ಮೇಲೆ ಒಂದು ಸೀರೆ, ಒಂದು ಚೀಲ ಅಕ್ಕಿ ಹಿಡಿದು ಆ ಚಾಳನ್ನು ಹುಡುಕಿಕೊಂಡು ಹೋದೆವು. ಒಣಗಿದ ಬೀದಿಗಳಲ್ಲಿ ಗುರುತೇ ಸಿಕ್ಕಲಿಲ್ಲ. ಮೂರು ಭಾನುವಾರ ಅಲೆದು ಹಿಂತಿರುಗಿದೆವು. ಅಕ್ಕಿಯನ್ನು ಮನೆಯ ಡಬ್ಬಕ್ಕೆ ಸುರಿಯಲು ತಾಯಿಯವರು ಬಿಡಲಿಲ್ಲ. “ಅದು ನಮ್ಮದಲ್ಲಪ್ಪಾ” ಎಂದರು. ಗುಡಿಸಲು ಕೊಚ್ಚಿಹೋಗಿದ್ದ ಕಾವಲುಗಾರನ ಮನೆಗೆ ಸೀರೆಯೂ ಅಕ್ಕಿಯೂ ಹೋದವು. ಅಂದಿನಿಂದ ಪ್ರತಿ ಮಳೆಗಾಲದಲ್ಲಿ ಒಂದು ಚೀಲ ಅಕ್ಕಿ ಹೀಗೆ ಹೊರಗೆ ಹೋಗುತ್ತದೆ. ದಿನವೂ ಕಣ್ಣುಮುಚ್ಚಿ ಕೃತಜ್ಞತೆಯನ್ನು ಅಭ್ಯಾಸ ಮಾಡಿರೆಂದು ಈಗಿನ ಪುಸ್ತಕಗಳು ಹೇಳುತ್ತವೆ, ಮಾಡಲಿ, ಕೆಡುಕಿಲ್ಲ. ನಮಗೆ ಒಗ್ಗಿದ್ದು ಅಕ್ಕಿಯ ಚೀಲ.

2020ರ ಮೇ ತಿಂಗಳು. ಮಹಾಮಾರಿಯ ದಿಗ್ಬಂಧನದಲ್ಲಿ ಕೆಲಸ ಕಳೆದುಕೊಂಡವರು ಮೂಟೆ ಹೊತ್ತು, ಪೂರ್ವ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ನಾಸಿಕದ ಕಡೆಗೆ ನಡೆಯುತ್ತಿದ್ದರು. ನಮ್ಮ ಕಟ್ಟಡದವರು ರೊಟ್ಟಿ ಮತ್ತು ನೀರನ್ನು ರಸ್ತೆಯ ಬದಿಯಲ್ಲಿಟ್ಟು ದೂರ ಸರಿದು ನಿಲ್ಲುತ್ತಿದ್ದೆವು. ನಮಗೂ ಭಯವಿತ್ತು, ಇಲ್ಲವೆಂದರೆ ಸುಳ್ಳಾದೀತು. ಎದುರುಮನೆಯ ಆ ತಾಯಿ ಮಾತ್ರ ದಿನವೂ ಇಪ್ಪತ್ತು ರೊಟ್ಟಿ ತಟ್ಟಿ ತಾನೇ ತಂದಿಡುತ್ತಿದ್ದಳು. ಒಂದು ಸಂಜೆ ಹೆಗಲ ಮೇಲೆ ಮೊಮ್ಮಗುವನ್ನು ಕೂರಿಸಿಕೊಂಡಿದ್ದ ಮುದುಕನೊಬ್ಬ ರೊಟ್ಟಿಯ ಪೊಟ್ಟಣ ಎತ್ತಿಕೊಂಡು, ಅವಳ ಕಡೆಗೆ ತಿರುಗಿ, ಕೈಯೆತ್ತಿ, “ಜೀತೇ ರಹೋ” ಎಂದ. ಅವಳು ಸೆರಗನ್ನು ತಲೆಯ ಮೇಲೆಳೆದುಕೊಂಡು ಆ ಹರಕೆಯನ್ನು ಸ್ವೀಕರಿಸಿದಳು.