ಫಲಕವಿಲ್ಲದ ದಾಸೋಹ

(ಶ್ರೀಮಠದ ಮಾಸಿಕ ಅನುಭಾವ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನನ್ನ ಮಾತು ಅಲ್ಲಲ್ಲಿ ತೊಡರುತ್ತದೆ, ತಾಳ್ಮೆಯಿಂದ ಕೇಳಬೇಕು. ನಾಲಿಗೆಯ ಎಡಭಾಗವನ್ನು ಸ್ವಲ್ಪ ವೈದ್ಯರು ತೆಗೆದಿದ್ದಾರೆ. ಉಳಿದ ನಾಲಿಗೆಯಿಂದ ಒಂದು ಋಣದ ಮಾತು ಹೇಳಲು ಬಂದಿದ್ದೇನೆ.

ನಾನು ನೀರಾವರಿ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಎಂಜಿನಿಯರ್ ಆಗಿ ದುಡಿದವನು. ಕಾಲುವೆ ಕೆಲಸದ ಬಿಸಿಲಿನಲ್ಲಿ ಎಲೆ, ಅಡಿಕೆ, ತಂಬಾಕು ರೂಢಿಯಾದವು. ನಿವೃತ್ತಿಯ ಮರುವರ್ಷ ನಾಲಿಗೆಯ ಅಂಚಿನಲ್ಲಿ ಹುಣ್ಣಾಯಿತು. ಕಾಲುವೆಯ ಏರಿಯಲ್ಲಿ ಸಣ್ಣ ಬಿರುಕು ಕಂಡರೂ ಅಂದೇ ಮುಚ್ಚಿಸುತ್ತಿದ್ದ ನಾನು, ನನ್ನ ಬಾಯಿಯ ಹುಣ್ಣನ್ನು ನಾಲ್ಕು ತಿಂಗಳು ಹಾಗೇ ಬಿಟ್ಟೆ. ನೋವಿಲ್ಲವಲ್ಲ ಎಂಬ ನೆಪ. ಆರಂಭದಲ್ಲಿ ಈ ರೋಗಕ್ಕೆ ಎಷ್ಟೋ ಸಲ ನೋವೇ ಇರುವುದಿಲ್ಲ ಎಂದು ಆಮೇಲೆ ತಿಳಿಯಿತು.

ಸುದ್ದಿ ಹರಡಿದಾಗ ಬಂಧುಗಳು ಕೆಲವರು ಹಿಂದಿನ ಜನ್ಮದ ಕರ್ಮ ಎಂದರು. ಒಬ್ಬರು ನನಗೆ ಬೇರೆ ತಟ್ಟೆ, ಲೋಟ ಇಡಲು ಸೂಚಿಸಿದರು. ಕ್ಯಾನ್ಸರ್ ಒಬ್ಬರ ತಟ್ಟೆಯಿಂದ ಇನ್ನೊಬ್ಬರಿಗೆ ಅಂಟುವ ರೋಗವಲ್ಲ. ನನ್ನ ಮನೆಯವರು ಆ ಮಾತಿಗೆ ಉತ್ತರ ಕೊಡಲಿಲ್ಲ, ಎಲ್ಲರೆದುರು ನನ್ನ ತಟ್ಟೆಯಲ್ಲೇ ಕೈಯಿಟ್ಟು ಉಂಡರು. ಶರಣಧರ್ಮವನ್ನು ನಾನು ಅಂದು ಮನೆಯಲ್ಲೇ ಕಂಡೆ. ನನ್ನ ರೋಗದ ಕಾರಣ ಹಿಂದಿನ ಜನ್ಮದಲ್ಲಿರಲಿಲ್ಲ, ಅಂಗಿಯ ಜೇಬಿನಲ್ಲಿತ್ತು.

ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಸೇರಿದೆ. 1973ರಲ್ಲಿ ಆರಂಭವಾದ, 1980ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾದ ಆ ಸಂಸ್ಥೆಗೆ ನಾಡಿನ ಮೂಲೆಮೂಲೆಯ ಬಡವರು ಬರುತ್ತಾರೆ. ಶಸ್ತ್ರಚಿಕಿತ್ಸೆಯಾದ ಮೇಲೆ ವಿಕಿರಣ ಚಿಕಿತ್ಸೆ. ವಾರಕ್ಕೆ 5 ದಿನದಂತೆ 6 ವಾರ, ಒಟ್ಟು 30 ಸಲ. ಗಂಟಲು ಬೆಂದಂತಾಗಿ ಗಂಜಿಯೂ ಇಳಿಯುವುದಿಲ್ಲ. ಆದರೂ ನಡುವೆ ಬಿಡುವಂತಿಲ್ಲ. ಕಾಂಕ್ರೀಟಿಗೆ ನೀರುಣಿಸುವುದನ್ನು ಅರ್ಧಕ್ಕೆ ನಿಲ್ಲಿಸಿದರೆ ಏನಾಗುತ್ತದೋ ಇಲ್ಲಿಯೂ ಹಾಗೆಯೇ. ನೋಡಲು ಗಟ್ಟಿಯಾಗಿ ಕಂಡರೂ ಬೇಕಾದಷ್ಟು ಬಲವಿರುವುದಿಲ್ಲ.

ದಿನವೂ ನನ್ನ ಪಕ್ಕದ ಬೆಂಚಿನಲ್ಲಿ ಕೊಪ್ಪಳದ ಕಡೆಯ ಒಬ್ಬ ರೈತ ಕೂಡುತ್ತಿದ್ದ. ಹದಿನೆಂಟನೆಯ ದಿನ ಚೀಲ ಕಟ್ಟಿದ. ಕೈಯಲ್ಲಿದ್ದ ರೊಕ್ಕ ಮುಗಿದಿತ್ತು, ಊರಲ್ಲಿ ಶೇಂಗಾ ಕೀಳುವ ಕಾಲ. "ಶೇಂಗಾ ಕಿತ್ತು ಬರ್ತೀನ್ರೀ ಸಾಹೇಬ್ರ" ಎಂದ. ಇನ್ನು ಹನ್ನೆರಡು ದಿನ ಉಳಿದಿತ್ತು. ನನ್ನ ಜೇಬಿನಲ್ಲಿ ಹಣವಿತ್ತು. ಬಾಯಿ ಹುಣ್ಣಾಗಿ ಮಾತು ಬರುತ್ತಿರಲಿಲ್ಲ, ಆದರೆ ಕೈ ಹಿಡಿದು ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ನಾನು ಅಲ್ಲಿದ್ದ ಉಳಿದ ದಿನಗಳಲ್ಲಿ ಅವನು ಬರಲಿಲ್ಲ.

ಚಿಕಿತ್ಸೆ ಮುಗಿದು ಐದು ವರ್ಷಕ್ಕೆ ವೈದ್ಯರು ರೋಗದ ಗುರುತಿಲ್ಲ ಎಂದರು. ಒಂದು ಚೆಕ್ ಬರೆದುಕೊಂಡು ಆಸ್ಪತ್ರೆಗೆ ಹೋದೆ. ನಮ್ಮ ತಂದೆ-ತಾಯಿಯ ಹೆಸರಿನ ಒಂದು ಕಲ್ಲು ಎಲ್ಲಾದರೂ ಕೂರಲಿ ಎಂಬ ಆಸೆಯೂ ಜೊತೆಗಿತ್ತು. ಉದ್ಘಾಟನೆಯ ಕಲ್ಲು ಎಷ್ಟೋ ನಿಲ್ಲಿಸಿದವನಲ್ಲವೇ! ಅಲ್ಲಿಯ ಸಮಾಜ ಕಾರ್ಯಕರ್ತೆ ನನ್ನ ಮಾತೆಲ್ಲ ಕೇಳಿ, "ಹಣಕ್ಕೆ ರಸೀದಿ ಕೊಡ್ತೀವಿ ಸರ್. ವಾರಕ್ಕೆ ಎರಡು ದಿನ ನೀವೇ ಬರೋಕಾಗುತ್ತಾ? ಹೊಸಬರಿಗೆ ದಾರಿ ತೋರಿಸೋರು ಬೇಕು" ಎಂದರು. ಕಲ್ಲಿನ ಮಾತು ಎತ್ತಲು ನನಗೆ ಮತ್ತೆ ಬಾಯಿ ಬರಲಿಲ್ಲ.

ಈಗ ಮಂಗಳವಾರ, ಶುಕ್ರವಾರ ಅಲ್ಲಿರುತ್ತೇನೆ. ಚೀಟಿ ಎಲ್ಲಿ ಮಾಡಿಸಬೇಕು, ರಕ್ತ ಎಲ್ಲಿ ಕೊಡಬೇಕು, ಸರ್ಕಾರಿ ಯೋಜನೆಗೆ ರೇಷನ್ ಕಾರ್ಡು ಯಾರಿಗೆ ತೋರಿಸಬೇಕು, ಧರ್ಮಶಾಲೆಯಲ್ಲಿ ಜಾಗ ಕೇಳುವುದು ಹೇಗೆ, ಇಷ್ಟೇ ನನ್ನ ಕೆಲಸ. ಚೀಲ ಕಟ್ಟಿದವರು ಕಂಡರೆ ಮಾತ್ರ ಬಿಡುವುದಿಲ್ಲ. ಬಾಯಿ ತೆರೆದು ನನ್ನ ನಾಲಿಗೆ ತೋರಿಸುತ್ತೇನೆ. ಕೆಲವರು ಉಳಿಯುತ್ತಾರೆ, ಕೆಲವರು ಹೋಗುತ್ತಾರೆ. ಪ್ರತಿಯೊಬ್ಬರಲ್ಲೂ ನನಗೆ ಕಾಣುವುದು ಆ ಕೊಪ್ಪಳದ ರೈತ.

ಬಸವಾದಿ ಶರಣರು ದಾನ ಎನ್ನದೆ ದಾಸೋಹ ಎಂದದ್ದೇಕೆ ಎಂದು ನನಗೆ ಈ ವಯಸ್ಸಿನಲ್ಲಿ ಅರ್ಥವಾಗುತ್ತಿದೆ. ದಾನದಲ್ಲಿ ಕೊಡುವವನ ಕೈ ಮೇಲೆ. ದಾಸೋಹದಲ್ಲಿ ಕೊಡುವವನೇ ದಾಸ. ಚೆಕ್ಕು ಬೇಡವೆಂದಲ್ಲ, ಆಸ್ಪತ್ರೆಗೆ ಹಣವೂ ಬೇಕು. ಆದರೆ ಚೆಕ್ಕಿನ ಹಿಂದೆ ನಾವೂ ಹೋಗಬೇಕು.

ಕೊನೆಯದಾಗಿ ಮೂರು ಬಿನ್ನಹ. ಬಾಯಿಯ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಮೂರು ವಾರವಾದರೂ ಮಾಯದಿದ್ದರೆ ವೈದ್ಯರಿಗೆ ತೋರಿಸಿ. ತಂಬಾಕಷ್ಟೇ ಅಲ್ಲ, ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕವೇ. ನಮ್ಮ ಮದುವೆ, ಜಾತ್ರೆಗಳ ತಟ್ಟೆಯಿಂದ ಅವು ಇಳಿಯಲಿ. ಎರಡನೆಯದು, ಯುವಕರು ರಕ್ತ ಕೊಡಿ. ಈ ರೋಗಿಗಳಿಗೆ ಬೇಕಾಗುವ ಪ್ಲೇಟ್‌ಲೆಟ್ಟನ್ನು ಸಾಮಾನ್ಯವಾಗಿ 5 ದಿನಕ್ಕಿಂತ ಹೆಚ್ಚು ಇಡಲು ಬರುವುದಿಲ್ಲ, ಹಾಗಾಗಿ ಕೊಡುವವರು ಸದಾ ಬೇಕು. ಮೂರನೆಯದು, ನಿಮ್ಮ ಓಣಿಯಲ್ಲಿ ಯಾರಾದರೂ ಚಿಕಿತ್ಸೆ ಅರ್ಧಕ್ಕೆ ಬಿಟ್ಟು ಬಂದಿದ್ದರೆ ಅವರ ಮನೆಗೆ ಹೋಗಿ. ಅವರ ಹೊಲದ ಕೆಲಸ ನಾಲ್ಕು ಜನ ಹಂಚಿಕೊಂಡು ಅವರನ್ನು ಮತ್ತೆ ಬಸ್ಸು ಹತ್ತಿಸಿ.

ನಾನಂದು ಮಾಡದೆ ಉಳಿದ ಕೆಲಸವದು. ನೀವು ಮಾಡಿದರೆ ನನ್ನ ಋಣ ಸ್ವಲ್ಪವಾದರೂ ಇಳಿದೀತು.