ವೇದಿಕೆಯ ಆಯ್ಕೆ, ಹುಡುಕಾಟದ ಸ್ಥಾನ ಮತ್ತು ಗಡಿನಾಡಿನ ಕನ್ನಡ

ಅತ್ತಿಬೆಲೆ, ಹೊಸೂರು, ತಳಿ, ಡೆಂಕಣಿಕೋಟೆಗಳಿಂದ ಅಧ್ಯಾಪಕರೂ ಸಣ್ಣ ಕೈಗಾರಿಕೆಗಳ ಪ್ರತಿನಿಧಿಗಳೂ ಈ ವಿಚಾರ ಸಂಕಿರಣಕ್ಕಾಗಿ ಗಡಿಯ ಜೂಜುವಾಡಿಗೆ ಬಂದಿದ್ದಾರೆ. ಜಾಲತಾಣವನ್ನು ಕಟ್ಟಿ ನಡೆಸಲು ನೆರವಾಗುವ ತಂತ್ರಾಂಶ ವ್ಯವಸ್ಥೆಯನ್ನು ವೇದಿಕೆಯೆಂದೂ, ಹುಡುಕು ಯಂತ್ರವು ತನ್ನ ಉತ್ತರಗಳ ಪಟ್ಟಿಯಲ್ಲಿ ಒಂದು ಪುಟಕ್ಕೆ ಕೊಡುವ ಜಾಗವನ್ನು ಸ್ಥಾನವೆಂದೂ ಇಲ್ಲಿ ಕರೆಯಲಾಗಿದೆ. ಯಾವ ವೇದಿಕೆಗೆ ಗೂಗಲ್ ಒಲಿಯುತ್ತದೆ ಎಂಬ ಪ್ರಶ್ನೆಯ ಬೆನ್ನು ಹತ್ತಿದಂದಿನಿಂದಲೇ ಜಾಲತಾಣಗಳ ಕ್ಷೇತ್ರವು ದಾರಿ ತಪ್ಪಿತೆಂಬುದು ಈ ಭಾಷಣದ ನಿಲುವು.

2001ರ ಡ್ರೂಪಲ್, 2003ರ ವರ್ಡ್‌ಪ್ರೆಸ್, 2005ರ ಜೂಮ್ಲಾ, ಅನಂತರ ಬಂದ ವಿಕ್ಸ್, ಶಾಪಿಫೈ ಮುಂತಾದವುಗಳ ಗುಣದೋಷಗಳನ್ನು ಮುಂದಿನ ಗೋಷ್ಠಿಗಳ ವಿದ್ವಾಂಸರು ವಿವರಿಸಲಿರುವುದರಿಂದ ಇಲ್ಲಿ ಅವುಗಳ ಚರ್ಚೆ ಬೇಕಿಲ್ಲ. ವೇದಿಕೆಯ ಹೆಸರು ನೋಡಿ ಗೂಗಲ್ ಅಂಕ ಕೊಡುವುದಿಲ್ಲ. ಪುಟದ ಶೀರ್ಷಿಕೆ, ವಿವರಣೆ ಮತ್ತು ವಿಳಾಸಗಳನ್ನು ಬೇಕಾದಂತೆ ತಿದ್ದಲು ಬರುತ್ತದೆಯೇ, ಪುಟವು ಬೇರೆಡೆಗೆ ಹೋದಾಗ ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವ 301 ಎಂಬ ಶಾಶ್ವತ ಮರುನಿರ್ದೇಶನ ಸಾಧ್ಯವೇ, ಪುಟದ ಮುಖ್ಯ ಭಾಗವು ಮೊಬೈಲಿನಲ್ಲಿ ಗೂಗಲ್ ಹೇಳುವ 2.5 ಸೆಕೆಂಡಿನೊಳಗೆ ಮೂಡುತ್ತದೆಯೇ ಎಂಬಷ್ಟನ್ನು ನೋಡಿಕೊಂಡರೆ ಸಾಕು. ಹೆಸರಾಂತ ವೇದಿಕೆಗಳಲ್ಲಿ ಇವು ಹೆಚ್ಚುಕಡಿಮೆ ದೊರೆಯುತ್ತವೆ.

ದೊರೆಯದಿರುವುದು ಕನ್ನಡದ ಕಡೆಗಿನ ಲಕ್ಷ್ಯ. ‘ಜೂಜುವಾಡಿ’ ಎಂಬ ಹೆಸರು ಕಣ್ಣಿಗೆ ನಾಲ್ಕು ಅಕ್ಷರವಾದರೂ, ಕನ್ನಡದ ಪ್ರತಿ ಚಿಹ್ನೆಗೂ ಒಂದೊಂದು ಸಂಖ್ಯೆಯನ್ನು ಗೊತ್ತುಪಡಿಸಿರುವ ಯೂನಿಕೋಡ್ ಪದ್ಧತಿಯಲ್ಲಿ ಎಂಟು ಸಂಕೇತಗಳಾಗಿ, ಒಂದೊಂದು ಸಂಕೇತಕ್ಕೆ ಮೂರು ಬೈಟುಗಳಂತೆ 24 ಬೈಟುಗಳಾಗಿ, ಜಾಲ ವಿಳಾಸದೊಳಗೆ ಸೇರುವಾಗ ಶೇಕಡಾ ಚಿಹ್ನೆಗಳ ಸಮೇತ 72 ಅಕ್ಷರಗಳಾಗಿ ಬೆಳೆಯುತ್ತದೆ. ಪುಟದ ವಿಳಾಸದಲ್ಲಿ ಶೀರ್ಷಿಕೆಯಿಂದ ಮೂಡುವ ಭಾಗಕ್ಕೆ ವರ್ಡ್‌ಪ್ರೆಸ್ ಇಟ್ಟಿರುವ ಮಿತಿ 200 ಅಕ್ಷರ. ಎಂದರೆ ಕನ್ನಡದ ಸುಮಾರು 22 ಸಂಕೇತ. ಹೀಗಾಗಿ ‘ಜೂಜುವಾಡಿಯ ಸಣ್ಣ ಕೈಗಾರಿಕೆಗಳು’ ಎಂಬಷ್ಟು ಚಿಕ್ಕ ಶೀರ್ಷಿಕೆಯಿಂದ ತಾನಾಗಿ ಹುಟ್ಟುವ ವಿಳಾಸವೂ ಮೂರನೆಯ ಪದದ ಕೊನೆಯನ್ನು ಮುಟ್ಟುವುದಿಲ್ಲ. ವಿಳಾಸದಲ್ಲಿರುವ ಪದಗಳಿಗೆ ಹುಡುಕು ಯಂತ್ರ ಕೊಡುವ ತೂಕ ಅಲ್ಪವೇ ಎಂಬುದು ನಿಜ. ಆದರೆ ವಾಟ್ಸಾಪಿಗೆ ಅಂಟಿಸಿದಾಗ ಕಾಣುವ ಆ ಶೇಕಡಾ ಚಿಹ್ನೆಗಳ ಸಾಲನ್ನು ನಂಬಿ ಒತ್ತುವವರು ಎಷ್ಟು ಮಂದಿ?

‘ಹೊಸೂರು’ ಇನ್ನೂ ಸೂಕ್ಷ್ಮವಾದ ನಿದರ್ಶನ. ಅದರ ಮೊದಲಕ್ಷರದ ಒತ್ವವನ್ನು ಒಂದೇ ಸಂಕೇತವಾಗಿಯೂ, ಎತ್ವ ಮತ್ತು ಊತ್ವದ ಕೊಂಬುಗಳ ಎರಡು ಸಂಕೇತಗಳಾಗಿಯೂ ಬರೆಯಲು ಯೂನಿಕೋಡಿನಲ್ಲಿ ಅವಕಾಶವಿದ್ದು, ಪರದೆಯ ಮೇಲೆ ಎರಡೂ ಒಂದೇ ಬಗೆಯಾಗಿ ಕಾಣುತ್ತವೆ. ಇವೆರಡನ್ನೂ ಸಮವೆಂದು ಎಣಿಸಿ ಒಂದು ರೂಪಕ್ಕೆ ತರುವ ಕೆಲಸವನ್ನು ವೇದಿಕೆಯು ಮಾಡದಿದ್ದರೆ, ತಾಣದೊಳಗೆ ಹೊಸೂರನ್ನು ಹುಡುಕಿದವರಿಗೆ ಹೊಸೂರಿನ ಪುಟವೇ ಸಿಗದೆ ಹೋಗಬಹುದು. ವೇದಿಕೆಗಳ ಹೋಲಿಕೆಪಟ್ಟಿಗಳಲ್ಲಿ ಇದಕ್ಕೊಂದು ಅಂಕಣವಿರುವುದು ಅಪರೂಪ.

ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರ ವಿನ್ಯಾಸದ ಪಠ್ಯದ ಕಥೆಯನ್ನು ಸಭೆಯ ಗ್ರಂಥಾಲಯ ತಜ್ಞರು ಬಲ್ಲರು: ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ಗೊಂಚಲು. ಇದೇ ಬಗೆಯಲ್ಲಿ, ತೊಂದರೆ ಪಠ್ಯದ್ದಾದರೂ, ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಬಿಡಿಭಾಗ ತಯಾರಕರೊಬ್ಬರು ಸ್ಥಾನ ಸಿಗಲಿಲ್ಲವೆಂದು ವೇದಿಕೆ ಬದಲಾಯಿಸಿದರು. ಮರುನಿರ್ದೇಶನ ಹಾಕದ ಕಾರಣ ಇದ್ದ ಕೊಂಡಿಗಳೂ ಮುರಿದವು. ಅವರ ಸರಕಿನ ಪಟ್ಟಿಯೆಲ್ಲ ಆಗಲೂ ಈಗಲೂ ಒಂದು ಫೋಟೊದೊಳಗಿದೆ.

ಇಷ್ಟನ್ನು ಸರಿಪಡಿಸಿದ ಮೇಲೂ ಬಗೆಹರಿಯದೆ ಉಳಿಯುವ ಪ್ರಶ್ನೆಯೊಂದಿದೆ, ಅದು ಗಡಿಯದೇ ಪ್ರಶ್ನೆ. ಸ್ಥಳೀಯ ಹುಡುಕಾಟದಲ್ಲಿ ಪ್ರಸ್ತುತತೆ, ದೂರ, ಪ್ರಸಿದ್ಧಿ ಎಂಬ ಮೂರನ್ನು ಪರಿಗಣಿಸುವುದಾಗಿ ಗೂಗಲ್ ಹೇಳುತ್ತದೆ. ದೂರದ ಲೆಕ್ಕದಲ್ಲಿ ಅತ್ತಿಬೆಲೆಯೂ ಜೂಜುವಾಡಿಯೂ ನೆರೆಹೊರೆ. ವಿಳಾಸದ ಲೆಕ್ಕದಲ್ಲಿ ಒಂದು ಕರ್ನಾಟಕ, ಇನ್ನೊಂದು ತಮಿಳುನಾಡು, ಅದೂ 2004ರಲ್ಲಿ ಕೃಷ್ಣಗಿರಿ ಜಿಲ್ಲೆಯಾಗುವವರೆಗೆ ಧರ್ಮಪುರಿ ಜಿಲ್ಲೆ. ಕನ್ನಡ, ತಮಿಳು, ತೆಲುಗು ಮೂರನ್ನೂ ಆಡುವ ಇಲ್ಲಿನ ಜನರಲ್ಲಿ ಅನೇಕರು ಗುಲಾಬಿ ಸಸಿಯನ್ನೋ ಲೇತ್ ಕೆಲಸದವರನ್ನೋ ಹುಡುಕುವಾಗ ಮನೆಮಾತನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತುತ್ತಾರೆ. ಹಾಗೆ ಕೇಳಿದವರ ಮುಂದೆ ಯಾವ ಭಾಷೆಯ, ಯಾವ ಲಿಪಿಯ ಪುಟ ಬರಬೇಕು? ಪುಟ ಬರೆಯುವವರು ಕನ್ನಡ ಲಿಪಿಯಲ್ಲಿಯೇ ನಿಂತು ಯಂತ್ರವು ತಮ್ಮತ್ತ ಬರಲೆಂದು ಕಾಯಬೇಕೇ, ಇಲ್ಲವೇ ಓದುಗರು ಒತ್ತುವ ರೂಪವನ್ನೂ ಪುಟದೊಳಗೆ ಸೇರಿಸಬೇಕೇ? ಸೇರಿಸಿದರೆ ಓದಿಗೆ ಅಡ್ಡಿ, ಬಿಟ್ಟರೆ ಹುಡುಕಾಟಕ್ಕೆ ನಷ್ಟ. ಲಿಪಿಯನ್ನು ಬಿಟ್ಟುಕೊಡಬಾರದೆಂಬ ಕಡೆಗೆ ಈ ಭಾಷಣದ ಒಲವಿದ್ದರೂ, ಒಲವು ಪುರಾವೆಯಲ್ಲವಾದ್ದರಿಂದ ಪ್ರಶ್ನೆಯು ಹಾಗೆಯೇ ನಿಲ್ಲುತ್ತದೆ.

ಪುರಾವೆಯನ್ನು ಹುಡುಕಲು ದೂರ ಹೋಗಬೇಕಿಲ್ಲ. ಜನರು ಯಾವ ಪದಗಳನ್ನು ಒತ್ತಿ ತಾಣಕ್ಕೆ ಬಂದರೆಂಬ ವಿವರವನ್ನು ಗೂಗಲ್‌ನ ಸರ್ಚ್ ಕನ್ಸೋಲ್ ಹಿಂದಿನ 16 ತಿಂಗಳವರೆಗೆ ಉಚಿತವಾಗಿ ತೋರಿಸುತ್ತದೆ. ಜಾಲತಾಣವಿರುವ ಪ್ರತಿನಿಧಿಗಳು ಮಧ್ಯಾಹ್ನದ ಗೋಷ್ಠಿಯಲ್ಲಿ ವೇದಿಕೆಗಳ ಹೋಲಿಕೆಪಟ್ಟಿಯನ್ನು ಬದಿಗಿಟ್ಟು, ತಮ್ಮ ತಮ್ಮ ತಾಣಗಳ ಆ ಪದಪಟ್ಟಿಯನ್ನು ಸಭೆಯ ಮುಂದಿಡಬೇಕೆಂದು ವಿನಂತಿ.