ಎಳೆಯ ಮಗುವಿಗೆ ಮೊಳಕೆ ರಾಗಿಯ ಸರಿ

(ರೈತ ದಂಪತಿಗಳ ತರಬೇತಿ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಪಾಠ)



ಬೇಸಾಯಶಾಸ್ತ್ರ ಕಲಿಸುವವನಿಗೆ ಕೂಸಿನ ಊಟದ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಈ ಊಟದ ಅರ್ಧ ಕೆಲಸ ಕಣದಲ್ಲಿಯೇ ಮುಗಿಯಬೇಕು, ಮತ್ತು ಕಣದ ಕೆಲಸ ಬಹುಮಟ್ಟಿಗೆ ಗಂಡಸರ ಕೈಯಲ್ಲಿದೆ. ಆದ್ದರಿಂದ ಮುಂದಿನ ಸಾಲಿನಲ್ಲಿ ಕುಳಿತಿರುವ ಯಜಮಾನರೂ ಗಮನವಿಟ್ಟು ಕೇಳಬೇಕೆಂದು ಕೋರುತ್ತೇನೆ.

ಮಗುವಿಗೆ ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲೊಂದೇ ಸಾಕು, ನೀರೂ ಬೇಕಿಲ್ಲ. ಆರು ತುಂಬಿದ ಮೇಲೆ ಹಾಲಿನ ಜೊತೆಗೆ ಬೇರೆ ಆಹಾರ ಬೇಕೇ ಬೇಕು. ನಮ್ಮ ಕಡೆ ಅನೇಕ ಕೂಸುಗಳು ಸೊರಗುವುದು ಈ ಘಟ್ಟದಲ್ಲಿಯೇ. ಮನೆಯಲ್ಲಿ ರಾಗಿ ಇಲ್ಲವೆಂದಲ್ಲ, ಕೊಡುವ ಗಂಜಿ ತೀರ ತೆಳುವಾಗಿರುತ್ತದೆ. ಆರೇಳು ಕಿಲೋ ತೂಕದ ಕೂಸಿನ ಹೊಟ್ಟೆ ಒಮ್ಮೆಗೆ ಹಿಡಿಯುವುದು ಸುಮಾರು 200 ಮಿಲಿಲೀಟರ್, ಅಂದರೆ ಒಂದು ಲೋಟದಷ್ಟು. ಅದರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಬರೀ ನೀರಾದರೆ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಗಟ್ಟಿಯಾಗಿ ಮಾಡೋಣವೆಂದರೆ ರಾಗಿ ಹಿಟ್ಟು ಅಂಟಂಟಾಗಿ ಮಗು ನುಂಗಲಾರದು.

ಈ ತೊಡಕಿಗೆ ಪರಿಹಾರ ಮೊಳಕೆ. ಕಾಳು ಮೊಳೆಯುವಾಗ ತನ್ನೊಳಗಿನ ಪಿಷ್ಟವನ್ನು ಕರಗಿಸುವ ಕಿಣ್ವವೊಂದನ್ನು ತಾನೇ ಉತ್ಪತ್ತಿ ಮಾಡುತ್ತದೆ. ಹೊಲದಲ್ಲಿ ಸಸಿಗೆ ಉಣಿಸುವ ಆ ಕಿಣ್ವವೇ ಪಾತ್ರೆಯಲ್ಲಿ ಸರಿಯನ್ನು ಸಡಿಲಗೊಳಿಸುತ್ತದೆ. ಮೊಳಕೆ ಹಿಟ್ಟನ್ನು ಹೆಚ್ಚು ಹಾಕಿದರೂ ಸರಿ ಮುದ್ದೆಗಟ್ಟುವುದಿಲ್ಲ. ಬೇಕಾದರೆ ಇಂದೇ ಪರೀಕ್ಷಿಸಿ. ಸಾಧಾರಣ ರಾಗಿ ಹಿಟ್ಟಿನ ಗಟ್ಟಿ ಅಂಬಲಿ ಕಾಯಿಸಿ ಒಲೆಯಿಂದ ಇಳಿಸಿರಿ. ಕುದಿ ನಿಂತು ಸ್ವಲ್ಪ ಆರಿದ ಮೇಲೆ ಒಂದು ಚಮಚ ಮೊಳಕೆ ಹಿಟ್ಟು ಬೆರೆಸಿ ಕಲಕಿರಿ. ಕೆಲವೇ ನಿಮಿಷಗಳಲ್ಲಿ ಅದು ನೀರಾಗುವುದನ್ನು ಕಣ್ಣಾರೆ ಕಾಣುವಿರಿ. ಮಗುವಿಗೆ ಕೊಡುವುದಾದರೆ ಮತ್ತೊಮ್ಮೆ ಕುದಿಸಿಯೇ ಕೊಡಬೇಕು. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯ ಮಲ್ಲೇಶಿ ಮತ್ತು ದೇಶಿಕಾಚಾರ್ ಅವರು 1982ರಲ್ಲಿಯೇ ಮೊಳಕೆ ರಾಗಿ, ಹೆಸರುಕಾಳು ಸೇರಿಸಿದ ಶಿಶು ಆಹಾರದ ಬಗ್ಗೆ ಬರೆದಿದ್ದಾರೆ. ನಮ್ಮ ಅಜ್ಜಿಯರು ಬಟ್ಟೆಯಲ್ಲಿ ಕಟ್ಟಿ ತೂಗುಹಾಕುತ್ತಿದ್ದ ರಾಗಿಯ ಗುಟ್ಟೂ ಇದೇ.

ಈಗ ಕಣದ ಮಾತು. ರಾಗಿ ಒಕ್ಕಣೆಯಾದ ಕೂಡಲೇ ಮಗುವಿನ ಪಾಲೆಂದು ಹತ್ತು ಸೇರನ್ನು ಬೇರೆ ತೆಗೆದಿಡಿ. ಟಾರು ರಸ್ತೆಯ ಮೇಲೆ ಒಕ್ಕಿದ ರಾಗಿ ಇದಕ್ಕೆ ಬೇಡ. ಅದರಲ್ಲಿ ಮರಳಿರುತ್ತದೆ, ವಾಹನದ ಎಣ್ಣೆಯೂ ತಗುಲಿರುತ್ತದೆ. ಗೊಬ್ಬರ, ಔಷಧಿ ತಂದ ಚೀಲದಲ್ಲಿ ತುಂಬಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಬಿತ್ತನೆಗೆ ಔಷಧಿ ಹಚ್ಚಿದ ಬೀಜ ಮಿಕ್ಕಿತೆಂದು ಅದನ್ನು ಅಡಿಗೆ ಮನೆಗೆ ಒಯ್ಯಲೇಬೇಡಿ. ಎಷ್ಟು ಸಲ ತೊಳೆದರೂ ಅದು ತಿನ್ನಲು ಯೋಗ್ಯವಲ್ಲ. ಮೊಳಕೆಗೆ ಬಿತ್ತನೆ ಬೀಜವೇ ಚೆನ್ನ ಎಂಬ ಭಾವನೆ ಕೆಲವರಲ್ಲಿದೆ. ಅಪಾಯ ಇರುವುದು ಅಲ್ಲಿಯೇ.

ಒಂದು ಕಿಲೋ ರಾಗಿಯನ್ನು ಕಲ್ಲು ಆರಿಸಿ, ಮೂರು ನಾಲ್ಕು ನೀರಿನಲ್ಲಿ ತೊಳೆದು, ರಾತ್ರಿಯಿಡೀ ನೆನೆಹಾಕಿರಿ. ಬೆಳಿಗ್ಗೆ ನೀರು ಬಸಿದು ಶುಭ್ರವಾದ ಒದ್ದೆ ಬಟ್ಟೆಯಲ್ಲಿ ಕಟ್ಟಿ, ಆಗಾಗ ನೀರು ಚಿಮುಕಿಸುತ್ತಿರಿ. ಬೇಸಿಗೆಯಲ್ಲಿ ಒಂದು ದಿನ, ಚಳಿಗಾಲದಲ್ಲಿ ಎರಡು ದಿನ ಸಾಕು. ಬಿಳಿಯ ಮೊಳಕೆ ಕಂಡೊಡನೆ ತೆಳ್ಳಗೆ ಹರಡಿ ಒಣಗಿಸಿ. ಹುಳಿ ವಾಸನೆ ಬಂದರೆ, ಬೂಷ್ಟು ಕಂಡರೆ ದನಕ್ಕೂ ಹಾಕದೆ ತಿಪ್ಪೆಗೆ ಸುರಿಯಿರಿ. ಒಣಗಿದ್ದನ್ನು ಸಣ್ಣ ಉರಿಯಲ್ಲಿ ಘಮ್ಮೆನ್ನುವಷ್ಟೇ ಹುರಿಯಬೇಕು. ಕಪ್ಪಾಗುವಂತೆ ಹುರಿದರೆ ಕಿಣ್ವ ಸತ್ತು ಪಟ್ಟ ಶ್ರಮ ವ್ಯರ್ಥ. ಅಂಗೈಯಲ್ಲಿ ಉಜ್ಜಿ ಮೊಳಕೆ ಉದುರಿಸಿ, ಕೇರಿ, ಬೀಸಿಸಿರಿ. ಗಿರಣಿಯವರು ಮೊದಲು ಮೆಣಸಿನಕಾಯಿ ಬೀಸಿದ್ದರೆ ಪಾಪ, ಕೂಸಿನ ಬಾಯಿ ಉರಿಯುತ್ತದೆ! ಕಲ್ಲು ಸ್ವಚ್ಛ ಮಾಡಿಸಿ, ಮೊದಲ ಹಿಡಿ ಹಿಟ್ಟನ್ನು ಬೇರೆ ಮಾಡಿ. ಹದಿನೈದು ದಿನಕ್ಕೆ ಆಗುವಷ್ಟೇ ಬೀಸಿಸುವುದು ಲೇಸು.

ಹೆಸರುಕಾಳನ್ನೂ ಇದೇ ಕ್ರಮದಲ್ಲಿ ಮೊಳಕೆ ಬರಿಸಿ, ಎರಡು ಪಾಲು ರಾಗಿಗೆ ಒಂದು ಪಾಲು ಸೇರಿಸಿದರೆ ಸಸಾರಜನಕದ ಕೊರತೆ ತುಂಬುತ್ತದೆ. ಸುಣ್ಣದ ಅಂಶಕ್ಕೆ ರಾಗಿಗೆ ಸಾಟಿಯಿಲ್ಲ: 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ, ಪಾಲಿಷ್ ಅಕ್ಕಿಯಲ್ಲಿ 10ಕ್ಕೂ ಕಡಿಮೆ. ಕಬ್ಬಿಣಕ್ಕೆ ಮಾತ್ರ ರಾಗಿಯನ್ನೇ ನಂಬಿ ಕೂರಬಾರದು. ಚೆನ್ನಾಗಿ ಬೆಂದ ಮೊಟ್ಟೆ, ತಿನ್ನುವವರಾದರೆ ಮೀನು, ಮಾಂಸ, ನುಣ್ಣಗೆ ಅರೆದ ಸೊಪ್ಪು ಕ್ರಮೇಣ ಜೊತೆಯಾಗಲಿ. ಉತ್ತರ ಕರ್ನಾಟಕದ ಮಿತ್ರರಿಗೆ ಒಂದು ಮಾತು: ಇದೇ ವಿಧಾನದಲ್ಲಿ ಜೋಳವನ್ನು ಮೊಳಕೆ ಬರಿಸುವ ಪ್ರಯೋಗ ಬೇಡ. ಎಳೆಯ ಜೋಳದ ಪೈರು ಮೇಯ್ದ ದನ ಸಾಯುವುದನ್ನು ನೀವು ಬಲ್ಲಿರಿ. ಆ ವಿಷದ ಅಂಶ ಜೋಳದ ಮೊಳಕೆಯಲ್ಲೂ ಇರುತ್ತದೆ.

ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಕೈಬಿಡದೆ ತಿರುವುತ್ತ ಚೆನ್ನಾಗಿ ಬೇಯಿಸಿರಿ. ಚಮಚವನ್ನು ಓರೆ ಮಾಡಿದರೆ ಸರಿ ನೀರಿನಂತೆ ಸುರಿಯದೆ ನಿಧಾನವಾಗಿ ಜಾರಬೇಕು. ಹದಕ್ಕೆ ಇದೇ ಗುರುತು. ಅರ್ಧ ಚಮಚ ತುಪ್ಪ ಹಾಕಿ. ಉಪ್ಪು, ಸಕ್ಕರೆ, ಬೆಲ್ಲ ವರ್ಷದವರೆಗೆ ಬೇಡ. ಸಿಹಿ ಬೇಕೆಂದರೆ ಕಿವಿಚಿದ ಬಾಳೆಹಣ್ಣು ಇದೆ. ಜೇನುತುಪ್ಪ ನೆಕ್ಕಿಸುವ ವಾಡಿಕೆಯನ್ನು ವರ್ಷ ತುಂಬುವವರೆಗೆ ಪೂರ್ಣವಾಗಿ ಬಿಡಬೇಕು. ಅದರಲ್ಲಿರಬಹುದಾದ ಒಂದು ಸೂಕ್ಷ್ಮಾಣು ಎಳೆಗೂಸಿನ ಜೀವಕ್ಕೇ ಅಪಾಯ ತರಬಲ್ಲದು. ಮೊದಲ ದಿನಗಳಲ್ಲಿ ಎರಡು ಮೂರು ಚಮಚ, ದಿನಕ್ಕೆರಡು ಬಾರಿ. ಮಗು ಒಗ್ಗಿದಂತೆ ಪ್ರಮಾಣ ಹೆಚ್ಚಿಸಿ. ಒಂಬತ್ತು ತಿಂಗಳ ಹೊತ್ತಿಗೆ ದಿನಕ್ಕೆ ಮೂರು ನಾಲ್ಕು ಬಾರಿ ಬೇಕಾಗುತ್ತದೆ. ಬೆಳಿಗ್ಗೆ ಮಾಡಿದ ಸರಿಯನ್ನು ಸಂಜೆಗೆ ಉಳಿಸಬೇಡಿ. ಭೇದಿಯಾದಾಗ ಊಟ, ಎದೆಹಾಲು ಎರಡನ್ನೂ ನಿಲ್ಲಿಸದೆ ಓ.ಆರ್.ಎಸ್. ಕುಡಿಸುತ್ತ ಆರೋಗ್ಯ ಕೇಂದ್ರಕ್ಕೆ ಹೋಗಿರಿ.

ಎದೆಹಾಲು ಎರಡು ವರ್ಷದವರೆಗೂ ಮುಂದುವರಿಯಲಿ. ವರ್ಷ ತುಂಬಿದ ಮಗುವಿಗೆ ಬೇರೆ ಅಡಿಗೆಯ ತೊಂದರೆ ಇರುವುದಿಲ್ಲ. ಖಾರ ಹಾಕುವ ಮೊದಲು ಒಂದು ಸೌಟು ಬೇಳೆ ಸಾರು ತೆಗೆದಿಟ್ಟರೆ, ಅದರಲ್ಲಿ ಕಿವಿಚಿದ ಮೆತ್ತನೆಯ ಮುದ್ದೆಯೇ ಅದರ ಊಟ.